ಮಲಿಕುಂಡದ ಪ್ರತಿಜ್ಞೆ

೧

ಈ ಲೇಖನದ ವಿಷಯವು ಮನೆಮಂದಿಯೆಲ್ಲ ಓದುವ ಪತ್ರಿಕೆಗೆ ತಕ್ಕುದೇ ಎಂದು ಕೆಲವು ಮಂದಿ ವಾಚಕರು ಶಂಕಿಸಬಹುದು. ಹೆಣ್ಣುಮಕ್ಕಳ ಜನನಾಂಗದ ಭಾಗವನ್ನು ಎಳೆಯ ವಯಸ್ಸಿನಲ್ಲಿಯೇ ಕೊಯ್ದು ತೆಗೆಯುವ ಆಚಾರವೊಂದು ಲೋಕದ ಹಲವು ದೇಶಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದನ್ನು ಕುರಿತು ನಾಲ್ವರ ನಡುವೆ ಬಾಯಿ ಬಿಡುವುದು ಸಭ್ಯತೆಯಲ್ಲವೆಂಬ ಭಾವನೆಯು ಆ ಆಚಾರವುಳ್ಳವರಲ್ಲಿಯೂ ಇದೆ, ಇಲ್ಲದವರಲ್ಲಿಯೂ ಇದೆ. ಆಚಾರಕ್ಕೆ ಇಷ್ಟು ದೀರ್ಘವಾದ ಆಯುಷ್ಯವನ್ನು ಕೊಟ್ಟ ಕಾರಣಗಳಲ್ಲಿ ಈ ಮೌನವೂ ಒಂದು. ಪಶ್ಚಿಮ ಆಫ್ರಿಕದ ಸೆನೆಗಾಲ್ ದೇಶದಲ್ಲಿ, ೧೯೯೭ನೆಯ ಇಸವಿಯಲ್ಲಿ, ಒಂದು ಸಣ್ಣ ಹಳ್ಳಿಯ ಹೆಂಗಸರು ಊರ ನಡುವೆ ನಿಂತು ಈ ಮೌನವನ್ನು ಮುರಿದರು. ಓದುಬರಹವನ್ನು ಆಗತಾನೆ ಕಲಿಯುತ್ತಿದ್ದ ಆ ಹೆಂಗಸರು ಬಾಯಿಬಿಟ್ಟು ಆಡಿದ ಮಾತನ್ನು ವಿದ್ಯಾವಂತರಾದ ನಾವು ಕೇಳಲಾರೆವೆಂದರೆ ಅದು ಸಭ್ಯತೆಯ ಲಕ್ಷಣವಾಗಲಾರದು.

ಸಮಾಜದಲ್ಲಿ ಬೇರೂರಿದ ದುರಾಚಾರವನ್ನು ಕೀಳುವ ಬಗೆ ಯಾವುದೆಂಬ ಪ್ರಶ್ನೆಗೆ ಎರಡು ಉತ್ತರಗಳು ವಾಡಿಕೆಯಲ್ಲಿವೆ. ಶಾಸನವನ್ನು ಮಾಡಿ ತಪ್ಪಿದವರನ್ನು ದಂಡಿಸಬೇಕೆಂಬುದು ಒಂದು. ಜನರಿಗೆ ತಿಳಿವಳಿಕೆ ಕೊಟ್ಟರೆ ತಾವಾಗಿಯೇ ಬಿಡುವರೆಂಬುದು ಇನ್ನೊಂದು. ಛೇದನದ ಆಚಾರದ ಇತಿಹಾಸವನ್ನು ನೋಡಿದರೆ ಈ ಎರಡೂ ಉತ್ತರಗಳು ಅರೆಯಾದುವೆಂದು ಕಾಣುತ್ತದೆ. ಅಧಿಕಾರದ ಆಜ್ಞೆ ಹಲವು ಸಲ ಸೋತಿತು. ಬರಿಯ ತಿಳಿವಳಿಕೆಯೂ ಸಾಲದಾಯಿತು. ಒಬ್ಬರ ಮನೆಯಿಂದ ಇನ್ನೊಬ್ಬರು ಹೆಣ್ಣು ತರುವ ಊರುಗಳೆಲ್ಲ ಒಟ್ಟಾಗಿ, ಒಂದೇ ದಿನ, ಬಹಿರಂಗವಾಗಿ ಕೈಕೊಂಡ ಪ್ರತಿಜ್ಞೆಯು ಮಾತ್ರ ಹಲವೆಡೆ ಫಲಿಸಿತು. ಅದು ಏಕೆ ಫಲಿಸಿತು, ಎಷ್ಟರಮಟ್ಟಿಗೆ ಫಲಿಸಿತು ಎಂಬುದನ್ನು ತಿಳಿಯುವುದೇ ಈ ಪ್ರಬಂಧದ ಉದ್ದೇಶ.

೨

ಆಚಾರವು ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ೧೬೩ರ ಒಂದು ಗ್ರೀಕ್ ಪಪೈರಸ್ ಪತ್ರದಲ್ಲಿ ಈಜಿಪ್ಟಿನ ಮೆಂಫಿಸ್ ಪಟ್ಟಣದ ಒಬ್ಬ ಹುಡುಗಿಯ ಸಂಬಂಧದಲ್ಲಿ ಇದರ ಪ್ರಸ್ತಾಪವಿದೆ. ಭೂಗೋಲಶಾಸ್ತ್ರಜ್ಞನಾದ ಸ್ಟ್ರಾಬೋ ಎಂಬವನೂ ಈಜಿಪ್ಟಿನವರಲ್ಲಿ ಈ ಪದ್ಧತಿಯಿದ್ದುದನ್ನು ಹೇಳಿದ್ದಾನೆ. ಇದರಿಂದ ಇಸ್ಲಾಂ ಮತವೂ ಕ್ರೈಸ್ತ ಮತವೂ ಹುಟ್ಟುವುದಕ್ಕಿಂತ ಮೊದಲೇ ಇದು ಇದ್ದಿತೆಂಬುದು ಸ್ಪಷ್ಟವಾಗುತ್ತದೆ. ಮುಂದೆ ಮುಸಲ್ಮಾನರು, ಕ್ರೈಸ್ತರು, ಪೂರ್ವಿಕರ ಧರ್ಮವನ್ನೇ ಅನುಸರಿಸುವವರು, ಹೀಗೆ ಬೇರೆ ಬೇರೆ ಮತದವರಲ್ಲಿ ಇದು ಉಳಿಯಿತು. ಲೋಕದ ಮುಸಲ್ಮಾನರಲ್ಲಿ ಬಹುಮಂದಿಗೆ ಈ ಆಚಾರವೇ ಇಲ್ಲ. ಖುರಾನಿನಲ್ಲಿ ಇದರ ಮಾತಿಲ್ಲ.

ಎಲ್ಲ ಕಡೆಯೂ ಇದು ಒಂದೇ ರೂಪದಲ್ಲಿಲ್ಲ. ಕೆಲವೆಡೆ ತುದಿಯ ಚರ್ಮವನ್ನು ಕತ್ತರಿಸುವುದರಲ್ಲಿ ಮುಗಿಯುತ್ತದೆ; ಕೆಲವೆಡೆ ಅಂಗವನ್ನೇ ಕೊಯ್ಯುವರು; ಸೂಡಾನ್, ಸೊಮಾಲಿಯ ಮೊದಲಾದ ದೇಶಗಳಲ್ಲಿ ಕೊಯ್ದ ಮೇಲೆ ಗಾಯದ ಅಂಚುಗಳನ್ನು ಕೂಡಿಸಿ ಮುಚ್ಚಿಬಿಡುವ ಘೋರವಾದ ರೂಪವೂ ಇದೆ. ರಕ್ತಸ್ರಾವ, ನಂಜು, ಮೂತ್ರದ ಬಾಧೆ, ಬಾಳಿನುದ್ದಕ್ಕೂ ಉಳಿಯುವ ನೋವು ಇದರ ಫಲಗಳು. ಆಫ್ರಿಕದ ಆರು ದೇಶಗಳಲ್ಲಿ ೨೮,೦೦೦ಕ್ಕೂ ಹೆಚ್ಚು ಮಂದಿ ಬಾಣಂತಿಯರನ್ನು ಪರೀಕ್ಷಿಸಿ ವಿಶ್ವ ಆರೋಗ್ಯ ಸಂಸ್ಥೆಯವರು ೨೦೦೬ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಛೇದನಕ್ಕೊಳಗಾದವರಲ್ಲಿ ಹೆರಿಗೆಯ ಕಾಲದ ಅಪಾಯವೂ ಶಿಶುಮರಣವೂ ಹೆಚ್ಚು. ಛೇದನವು ತೀವ್ರವಾದಷ್ಟೂ ಅಪಾಯವೂ ಹೆಚ್ಚು. ಇಂತಹ ಛೇದನಕ್ಕೊಳಗಾಗಿ ಬದುಕಿರುವ ಹೆಂಗಸರೂ ಹುಡುಗಿಯರೂ ಲೋಕದಲ್ಲಿ ೨೩ ಕೋಟಿಗೂ ಮಿಕ್ಕಿರುವರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯು ೨೦೨೪ರಲ್ಲಿ ಲೆಕ್ಕಹಾಕಿತು.

ಇಷ್ಟು ಕೇಡಿದ್ದರೂ ತಾಯಂದಿರು ತಮ್ಮ ಮಕ್ಕಳನ್ನು ಇದಕ್ಕೆ ಏಕೆ ಒಪ್ಪಿಸುವರು? ಅವರು ಕ್ರೂರಿಗಳೆಂದು ಹೇಳುವುದು ಸುಲಭ. ಆದರೆ ಅದು ಸತ್ಯವಲ್ಲ. ಮಗಳ ಹಿತವನ್ನು ಬಯಸಿಯೇ ತಾಯಿಯು ಇದನ್ನು ಮಾಡಿಸುತ್ತಾಳೆ. ಛೇದನವಾಗದ ಹೆಣ್ಣು ಶುದ್ಧಳಲ್ಲವೆಂಬ ನಂಬಿಕೆಯಿರುವ ಊರಿನಲ್ಲಿ ಆ ಹುಡುಗಿಗೆ ಗಂಡು ಸಿಕ್ಕುವುದಿಲ್ಲ. ಸಿಕ್ಕಿದರೂ ಅತ್ತೆಯ ಮನೆಯಲ್ಲಿ ಅವಳಿಗೆ ಮರ್ಯಾದೆಯಿಲ್ಲ. ಕೆಲವೆಡೆ ಅವಳು ಮಾಡಿದ ಅಡಿಗೆಯನ್ನು ಹಿರಿಯರು ಉಣ್ಣರು. ಒಬ್ಬ ತಾಯಿಗೆ ಕೇಡು ಚೆನ್ನಾಗಿ ತಿಳಿದಿದೆಯೆಂದೇ ಇಟ್ಟುಕೊಳ್ಳೋಣ. ಊರೆಲ್ಲ ನಡೆಸುತ್ತಿರುವುದನ್ನು ಅವಳೊಬ್ಬಳೇ ಬಿಟ್ಟರೆ ಶಿಕ್ಷೆಯಾಗುವುದು ಅವಳಿಗಲ್ಲ, ಮಗಳಿಗೆ. ಹೀಗಾಗಿ ತಿಳಿದವಳೂ ಮಾಡಿಸುತ್ತಾಳೆ, ತಿಳಿಯದವಳೂ ಮಾಡಿಸುತ್ತಾಳೆ. ಪ್ರತಿಯೊಂದು ಮನೆಯೂ ಪಕ್ಕದ ಮನೆಯ ಮುಖವನ್ನು ನೋಡಿಕೊಂಡು ಕುಳಿತಿರುವಾಗ ಮೊದಲು ಏಳುವವರು ಯಾರು? ಗಂಟು ಬಿದ್ದಿರುವುದು ಇಲ್ಲಿ.

೩

ಗಂಟನ್ನು ಕಾಣದೆ ಹಗ್ಗವನ್ನು ಎಳೆದವರ ಕಥೆಯನ್ನು ಮೊದಲು ಹೇಳಬೇಕು.

ಪೂರ್ವ ಆಫ್ರಿಕದ ಕೆನ್ಯ ದೇಶದಲ್ಲಿ, ೧೯೨೯ರಲ್ಲಿ, ಸ್ಕಾಟ್ಲೆಂಡಿನ ಕ್ರೈಸ್ತ ಮಿಷನಿನವರು ಕಿಕುಯು ಜನರ ನಡುವೆ ಈ ಆಚಾರವನ್ನು ನಿಲ್ಲಿಸಲು ಪಣತೊಟ್ಟರು. ಡಾಕ್ಟರ್ ಜಾನ್ ಆರ್ಥರ್ ಎಂಬವರು ಅವರ ಮುಂದಾಳು. ಛೇದನವನ್ನು ಬಿಡುವೆವೆಂದು ಹೆಬ್ಬೆಟ್ಟೊತ್ತಿ ಒಪ್ಪಿಕೊಂಡವರು ಮಾತ್ರ ಸಭೆಯಲ್ಲಿರಬಹುದೆಂದು ಅವರು ಕಟ್ಟುಮಾಡಿದರು. ಈ ಹೆಬ್ಬೆಟ್ಟಿನ ಗುರುತಿಗೆ ‘ಕಿರೋರೆ’ ಎಂದು ಹೆಸರಾಯಿತು. ಪರಿಣಾಮವು ವಿಪರೀತವಾಯಿತು. ಜನರು ಗುಂಪುಗುಂಪಾಗಿ ಮಿಷನಿನ ಚರ್ಚುಗಳನ್ನೂ ಶಾಲೆಗಳನ್ನೂ ಬಿಟ್ಟು ಹೊರನಡೆದರು; ತಮ್ಮವೇ ಆದ ಸ್ವತಂತ್ರ ಶಾಲೆಗಳನ್ನು ಕಟ್ಟಿಕೊಂಡರು. ‘ಮುಥಿರಿಗು’ ಎಂಬ ಹಾಡುಕುಣಿತವು ಮಿಷನರಿಗಳನ್ನೂ ಅವರ ಪಕ್ಷದವರನ್ನೂ ಅಣಕಿಸುತ್ತ ಊರಿಂದೂರಿಗೆ ಹಬ್ಬಿತು. ಸರ್ಕಾರವು ೧೯೩೦ರಲ್ಲಿ ಅದನ್ನು ನಿಷೇಧಿಸಬೇಕಾಯಿತು. ಪರರ ಆಳಿಕೆಯಲ್ಲಿ ಭೂಮಿಯನ್ನು ಕಳೆದುಕೊಂಡಿದ್ದ ಜನರಿಗೆ ಈ ಆಚಾರವು ತಮ್ಮತನದ ಕೊನೆಯ ಗುರುತಿನಂತೆ ತೋರಿತು. ಮುಂದೆ ಕೆನ್ಯದ ಮೊದಲನೆಯ ಅಧ್ಯಕ್ಷನಾದ ಜೋಮೊ ಕೆನ್ಯಾಟನು ೧೯೩೮ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಇದನ್ನು ಸಮರ್ಥಿಸಿದನು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಿರೋರೆಯೂ ಒಂದು ಪ್ರತಿಜ್ಞೆಯೇ. ಆದರೆ ಅದನ್ನು ಕೇಳಿದವರು ಹೊರಗಿನವರು. ಶಾಲೆ ಚರ್ಚುಗಳೊಳಕ್ಕೆ ಬಿಡಲು ಕಟ್ಟಬೇಕಾದ ಸುಂಕದಂತೆ ಅದನ್ನು ಕೇಳಿದರು. ಬಂಧುಬಳಗವನ್ನು ಅದು ಒಂದುಗೂಡಿಸದೆ, ಹೆಬ್ಬೆಟ್ಟೊತ್ತಿದವರು ಒತ್ತದವರು ಎಂದು ಎರಡಾಗಿ ಸೀಳಿತು.

ಸೂಡಾನಿನಲ್ಲಿ ೧೯೪೬ರಲ್ಲಿ ಆಂಗ್ಲ ಸರ್ಕಾರವು ಛೇದನದ ಅತ್ಯಂತ ಘೋರವಾದ ರೂಪವನ್ನು ಅಪರಾಧವೆಂದು ಸಾರಿತು. ಅದೇ ವರ್ಷ ರುಫಾ ಎಂಬ ಪಟ್ಟಣದಲ್ಲಿ ಈ ಶಾಸನದಂತೆ ಒಬ್ಬ ಹೆಂಗಸನ್ನು ಹಿಡಿದು ಸೆರೆಯಲ್ಲಿಟ್ಟಾಗ ಜನರು ದಂಗೆಯೆದ್ದರು. ಅವರ ನಾಯಕನಾಗಿದ್ದವನು ಮಹಮೂದ್ ಮಹಮ್ಮದ್ ತಾಹಾ. ಸ್ತ್ರೀಯರ ಸಮಾನತೆಯನ್ನು ಮುಂದೆ ತನ್ನ ಮತವಿಚಾರದಲ್ಲಿ ಎತ್ತಿಹಿಡಿದು, ೧೯೮೫ರಲ್ಲಿ ಸೂಡಾನಿನ ಸರ್ಕಾರದಿಂದ ಗಲ್ಲಿಗೇರಿದವನು ಇದೇ ತಾಹಾ. ಅಂತಹವನೂ ಅಂದು ಶಾಸನವನ್ನು ವಿರೋಧಿಸಿದನೆಂಬುದು, ಪರರಾಜ್ಯದ ಆಜ್ಞೆಯು ಒಳ್ಳೆಯ ಉದ್ದೇಶವನ್ನು ಕೂಡ ಹೇಗೆ ಕೆಡಿಸುವುದೆಂಬುದಕ್ಕೆ ಸಾಕ್ಷಿಯಾಗಿದೆ.

ಇದಕ್ಕಿಂತಲೂ ಮನಕಲಕುವ ಸಂಗತಿ ಕೆನ್ಯದ ಮೇರು ಸೀಮೆಯಲ್ಲಿ ನಡೆಯಿತು. ಅಲ್ಲಿ ‘ನ್ಜುರಿ ನ್ಚೆಕೆ’ ಎಂಬ ಹಿರಿಯರ ಸಭೆಯಿದ್ದಿತು. ಆಂಗ್ಲ ಅಧಿಕಾರಿಗಳ ಒತ್ತಾಯಕ್ಕೆ ಒಳಗಾಗಿ ಆ ಸಭೆಯು ೧೯೫೬ರಲ್ಲಿ ಛೇದನವನ್ನು ಏಕಮತದಿಂದ ನಿಷೇಧಿಸಿತು. ಸಭೆಯವರೆಲ್ಲ ಗಂಡಸರು, ಹೆಂಗಸರನ್ನು ಕೇಳಿದವರಿಲ್ಲ. ಆಜ್ಞೆ ಹೊರಟ ಕೆಲವು ದಿನಗಳಲ್ಲಿಯೇ ಹುಡುಗಿಯರು ಅಂಗಡಿಯಿಂದ ಕ್ಷೌರದ ಅಲಗುಗಳನ್ನು ಕೊಂಡುತಂದು, ಕಾಡಿನಲ್ಲಿ ಸೇರಿ, ಒಬ್ಬರನ್ನೊಬ್ಬರು ತಾವೇ ಕೊಯ್ದುಕೊಂಡರು. ‘ನ್ಗೈತಾನ’ ಎಂದು ಅವರನ್ನು ಜನರು ಕರೆದರು. ‘ನನ್ನನ್ನು ನಾನೇ ಛೇದಿಸಿಕೊಳ್ಳುವೆನು’ ಎಂದು ಅದರ ಅರ್ಥ. ಮುಂದಿನ ಮೂರು ವರ್ಷಗಳಲ್ಲಿ ನಿಷೇಧವನ್ನು ಮೀರಿದ ಅಪವಾದಕ್ಕೆ ಗುರಿಯಾದವರು ೨,೪೦೦ಕ್ಕೂ ಹೆಚ್ಚು ಮಂದಿ. ಯಾರನ್ನು ಕಾಪಾಡಬೇಕೆಂದು ಆಜ್ಞೆ ಹುಟ್ಟಿತೋ ಆ ಹುಡುಗಿಯರೇ ಅದನ್ನು ಮೀರಿ ನ್ಯಾಯಸ್ಥಾನದಲ್ಲಿ ನಿಲ್ಲಬೇಕಾಯಿತು.

೪

ಈ ಸೋಲುಗಳ ಎದುರಿಗೆ ಒಂದು ಗೆಲವನ್ನು ಇಟ್ಟು ನೋಡುವುದಕ್ಕಾಗಿ ನಾವು ಆಫ್ರಿಕದಿಂದ ಸ್ವಲ್ಪ ದೂರ, ಚೀನ ದೇಶಕ್ಕೆ ಹೋಗಬೇಕು. ಅಲ್ಲಿ ಹೆಣ್ಣುಮಕ್ಕಳ ಪಾದಗಳನ್ನು ಬಾಲ್ಯದಲ್ಲಿಯೇ ಬಿಗಿದು ಕಟ್ಟಿ, ಬೆರಳುಗಳನ್ನು ಮುರಿದು ಮಡಿಸಿ, ಚಿಕ್ಕದು ಮಾಡುವ ಪದ್ಧತಿಯು ಹಲವು ಶತಮಾನಗಳ ಕಾಲ ನಡೆದಿತ್ತು. ಸಣ್ಣ ಪಾದವಿಲ್ಲದ ಹುಡುಗಿಗೆ ಒಳ್ಳೆಯ ಮನೆತನದ ಸಂಬಂಧ ದೊರೆಯುತ್ತಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಮಂಚು ಚಕ್ರವರ್ತಿಗಳು ಇದನ್ನು ಆಜ್ಞೆಯಿಂದ ನಿಷೇಧಿಸಿ, ೧೬೬೮ರಲ್ಲಿ ಆ ಆಜ್ಞೆಯನ್ನು ತಾವೇ ಹಿಂದಕ್ಕೆ ತೆಗೆದುಕೊಂಡಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಒಂದು ಹೊಸ ಉಪಾಯವು ಕಾಣಿಸಿಕೊಂಡಿತು. ಪಾದಬಂಧನವನ್ನು ವಿರೋಧಿಸುವ ಸಂಘಗಳು ಹುಟ್ಟಿದುವು. ಶಾಂಘೈ ಪಟ್ಟಣದಲ್ಲಿ ಅಲಿಸಿಯ ಲಿಟ್ಲ್ ಎಂಬಾಕೆ ೧೮೯೫ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದಳು. ಕಾಂಗ್ ಯೂವೈ ಮೊದಲಾದ ಚೀನೀ ಸುಧಾರಕರು ತಮ್ಮ ಸೀಮೆಗಳಲ್ಲಿ ತಾವೇ ಕಟ್ಟಿದರು. ಸಂಘಕ್ಕೆ ಸೇರುವವನು ಎರಡು ಮಾತು ಕೊಡಬೇಕಾಗಿದ್ದಿತು: ನನ್ನ ಮಗಳ ಪಾದವನ್ನು ಕಟ್ಟಿಸೆನು, ನನ್ನ ಮಗನಿಗೆ ಪಾದ ಕಟ್ಟಿದ ಹೆಣ್ಣನ್ನು ತಾರೆನು. ಈ ಎರಡನೆಯ ಮಾತಿನಲ್ಲಿಯೇ ಗುಟ್ಟಿದೆ. ಮಗಳ ಪಾದವನ್ನು ಬಿಟ್ಟ ತಂದೆಗೆ ಅಳಿಯನು ಎಲ್ಲಿ ಸಿಕ್ಕುವನೆಂಬ ಭಯವನ್ನು ಅದು ಹೋಗಲಾಡಿಸಿತು. ಅವಳನ್ನು ತರಲು ಮಾತುಕೊಟ್ಟವರ ಮನೆಗಳು ಅದೇ ಸಂಘದಲ್ಲಿದ್ದುವು.

ಫಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಪೀಕಿಂಗಿನ ದಕ್ಷಿಣಕ್ಕಿರುವ ತಿಂಗ್‌ಷಿಯೆನ್ ಎಂಬ ಹಳ್ಳಿಗಾಡಿನಲ್ಲಿ ನಡೆದ ಪರಿಶೀಲನೆಯಂತೆ, ೧೮೯೦ಕ್ಕೆ ಮೊದಲು ಹುಟ್ಟಿದ ಹೆಂಗಸರಲ್ಲಿ ನೂರಕ್ಕೆ ೯೯ ಮಂದಿಯ ಪಾದಗಳು ಕಟ್ಟಲ್ಪಟ್ಟಿದ್ದುವು; ೧೯೧೯ರ ಮೇಲೆ ಹೊಸದಾಗಿ ಕಟ್ಟಿದ ಉದಾಹರಣೆಯೇ ಇಲ್ಲ. ಹೊಸ ಶಾಲೆಗಳು, ೧೯೧೧ರ ಕ್ರಾಂತಿ, ಗಿರಣಿಯ ಬಟ್ಟೆ ಬಂದು ಹೆಂಗಸರ ಮನೆಗೆಲಸವು ಮಾರ್ಪಟ್ಟುದು ಇವೆಲ್ಲವೂ ಈ ಬದಲಾವಣೆಗೆ ನೆರವಾದುವು. ಎಲ್ಲವನ್ನೂ ಪ್ರತಿಜ್ಞೆಯ ಲೆಕ್ಕಕ್ಕೆ ಹಾಕಲಾಗದು. ಆದರೂ ಶತಮಾನಗಳ ಪದ್ಧತಿಯು ಒಂದೇ ತಲೆಮಾರಿನಲ್ಲಿ ಅಳಿದುದು ಚರಿತ್ರೆಯಲ್ಲಿ ಅಪರೂಪವಾದುದು. ಪಾದಬಂಧನಕ್ಕೂ ಛೇದನಕ್ಕೂ ಇರುವ ಹೋಲಿಕೆಯನ್ನು ಗೆರಿ ಮ್ಯಾಕಿ ಎಂಬ ಅಮೆರಿಕದ ವಿದ್ವಾಂಸನು ೧೯೯೬ರಲ್ಲಿ ಒಂದು ಲೇಖನದಲ್ಲಿ ತೋರಿಸಿ, ಆಫ್ರಿಕದಲ್ಲಿಯೂ ಇಂತಹ ಸಾಮೂಹಿಕ ಪ್ರತಿಜ್ಞೆಯು ಫಲಿಸಬಹುದೆಂದು ಊಹಿಸಿದನು. ಆ ಲೇಖನವು ಅಚ್ಚಾದ ಮರುವರ್ಷವೇ, ಅದರ ಸುದ್ದಿಯನ್ನು ಕೂಡ ಅರಿಯದ ಹಳ್ಳಿಗರು ಅದೇ ಹಾದಿಯಲ್ಲಿ ಕಾಲಿಟ್ಟರು.

೫

ಸೆನೆಗಾಲಿನಲ್ಲಿ ಎಲ್ಲರಿಗೂ ಛೇದನದ ಆಚಾರವಿಲ್ಲ. ಸಂಖ್ಯೆಯಲ್ಲಿ ಹೆಚ್ಚಾದ ವೊಲೋಫ್ ಜನರಲ್ಲಿಯೂ ಸೆರೆರ್ ಜನರಲ್ಲಿಯೂ ಅದು ವಾಡಿಕೆಯಾಗಿರಲಿಲ್ಲ. ಬಂಬಾರ, ಮಂಡಿಂಕ, ಫುಲಾನಿ ಮೊದಲಾದ ಜನರಲ್ಲಿ ಇದ್ದಿತು. ಸಮುದ್ರತೀರದ ಎಂಬೂರ್ ಪಟ್ಟಣಕ್ಕೆ ಸಮೀಪದಲ್ಲಿರುವ ಮಲಿಕುಂಡ ಬಂಬಾರ ಎಂಬುದು, ಹೆಸರೇ ಹೇಳುವಂತೆ, ಬಂಬಾರ ಜನರ ಹಳ್ಳಿ.

ಈ ಹಳ್ಳಿಗೆ ‘ತೋಸ್ತಾನ್’ ಎಂಬ ಸಂಸ್ಥೆಯವರ ಪಾಠಶಾಲೆ ಬಂದಿತು. ತೋಸ್ತಾನ್ ಎಂಬುದು ವೊಲೋಫ್ ನುಡಿಯ ಮಾತು. ಮರಿಯು ಮೊಟ್ಟೆಯ ಚಿಪ್ಪನ್ನು ಒಡೆದುಕೊಂಡು ಹೊರಬರುವುದಕ್ಕೆ ಆ ಹೆಸರು. ೧೯೭೪ರಲ್ಲಿ ವಿದ್ಯಾರ್ಥಿನಿಯಾಗಿ ಸೆನೆಗಾಲಿಗೆ ಬಂದು ಅಲ್ಲಿಯೇ ನೆಲೆನಿಂತ ಮಾಲಿ ಮೆಲ್ಚಿಂಗ್ ಎಂಬ ಅಮೆರಿಕದ ಮಹಿಳೆ ಈ ಸಂಸ್ಥೆಯನ್ನು ೧೯೯೧ರಲ್ಲಿ ಸ್ಥಾಪಿಸಿದಳು. ದೇಶದ ಆಡಳಿತಭಾಷೆಯಾದ ಫ್ರೆಂಚಿನಲ್ಲಿ ಪಾಠ ಹೇಳದೆ, ಜನರ ಆಡುನುಡಿಗಳಲ್ಲಿಯೇ ಓದು, ಬರಹ, ಲೆಕ್ಕ, ಆರೋಗ್ಯ, ಸ್ತ್ರೀಯರ ಹಕ್ಕುಗಳು ಇವನ್ನು ಕಲಿಸುವುದು ಅದರ ಕ್ರಮ. ಹಾಡು, ನಾಟಕ, ಸಂವಾದ ಇವೇ ಪಾಠದ ಸಾಧನಗಳು. ಛೇದನವನ್ನು ನಿಲ್ಲಿಸುವುದಕ್ಕಾಗಿ ಹುಟ್ಟಿದ ಸಂಸ್ಥೆಯಲ್ಲ ಅದು. ಸ್ತ್ರೀಯರ ಆರೋಗ್ಯದ ಪಾಠಗಳಲ್ಲಿ ಆ ವಿಷಯವು ಒಂದು ಮಾತ್ರವಾಗಿದ್ದಿತು.

ಆ ಪಾಠ ಬಂದಾಗ ಹೆಂಗಸರು ಮೊದಲು ಬಾಯಿ ಬಿಡಲಿಲ್ಲ. ಅದು ಮಾತನಾಡಬಾರದ ವಿಷಯ. ಬಳಿಕ ಮೆಲ್ಲಮೆಲ್ಲನೆ ಒಬ್ಬೊಬ್ಬರಾಗಿ ತಮಗಾದುದನ್ನು ಹೇಳತೊಡಗಿದರು. ಒಬ್ಬಳು ತನ್ನೊಬ್ಬಳದೇ ಎಂದು ನುಂಗಿಕೊಂಡಿದ್ದ ನೋವು ಪಕ್ಕದಲ್ಲಿ ಕುಳಿತವಳದೂ ಆಗಿದ್ದಿತು. ಪಾಠವು ಛೇದನವನ್ನು ಬಿಡಿರೆಂದು ಅವರಿಗೆ ಆಜ್ಞಾಪಿಸಲಿಲ್ಲ. ಅವರೇ ಚರ್ಚಿಸಿದರು, ಗಂಡಂದಿರೊಡನೆ, ಊರ ಹಿರಿಯರೊಡನೆ, ಇಮಾಮರೊಡನೆ, ಛೇದನದ ಕಸುಬಿನವಳೊಡನೆ ಮಾತನಾಡಿದರು. ಕೊನೆಗೆ ೧೯೯೭ರ ಜುಲೈ ೩೧ರಂದು ಸುಮಾರು ಇಪ್ಪತ್ತು ಮಂದಿ ಪತ್ರಕರ್ತರ ಎದುರಿನಲ್ಲಿ, ಇನ್ನು ಮುಂದೆ ತಮ್ಮ ಹೆಣ್ಣುಮಕ್ಕಳನ್ನು ಛೇದನಕ್ಕೆ ಒಪ್ಪಿಸುವುದಿಲ್ಲವೆಂದು ಸಾರಿದರು. ‘ಮಲಿಕುಂಡದ ಪ್ರತಿಜ್ಞೆ’ ಎಂದು ಲೋಕದಲ್ಲಿ ಹೆಸರಾದುದು ಇದೇ.

ಹೆಸರಾಯಿತು, ಆದರೆ ಮೊದಲು ಬಂದುದು ನಿಂದೆ. ಮನೆಯೊಳಗಿನ ಮಾತನ್ನು ಬೀದಿಗೆ ತಂದರೆಂದು ಸುತ್ತಲ ಬಂಬಾರ ಊರುಗಳವರು ಸಿಟ್ಟಾದರು. ಹೆಂಗಸರು ಕುಗ್ಗಿಹೋದರು. ಹಾಗಿದ್ದರೂ ಅವರಿಗೆ ಎರಡು ಕಡೆಯಿಂದ ಬಲ ಬಂದಿತು. ನೆರೆಯ ನ್ಗೆರಿಂಗ್ ಬಂಬಾರ ಎಂಬ ಹಳ್ಳಿಯವರು ಅವರ ಜೊತೆಗೂಡಿದರು. ೧೯೯೭ರ ನವೆಂಬರ್ ೨೦ರಂದು ದೇಶದ ಅಧ್ಯಕ್ಷನಾದ ಅಬ್ದು ದಿಯೂಫನು ರಾಜಧಾನಿಯಾದ ಡಕಾರಿನಲ್ಲಿ ಮಾನವ ಹಕ್ಕುಗಳ ಒಂದು ಮಹಾಸಭೆಯಲ್ಲಿ ಮಾತನಾಡುತ್ತ, ಮಲಿಕುಂಡದ ಹೆಂಗಸರ ಮೇಲ್ಪಂಕ್ತಿಯನ್ನು ಇತರರೂ ಅನುಸರಿಸಬೇಕೆಂದನು.

೬

ಕಥೆಯ ತಿರುವು ಇರುವುದು ಕೆರ್ ಸಿಂಬರ ಎಂಬ ಮತ್ತೊಂದು ಪುಟ್ಟ ಹಳ್ಳಿಯಲ್ಲಿ. ಅಲ್ಲಿಯ ಇಮಾಮನೂ ಹಿರಿಯನೂ ಆಗಿದ್ದ ಡೆಂಬ ದಿಯಾವಾರನು ಮೊದಲು ಈ ಪಾಠವನ್ನು ಮೆಚ್ಚಿರಲಿಲ್ಲ. ಬಳಿಕ ಧರ್ಮವನ್ನು ಬಲ್ಲವರನ್ನು ಕೇಳಿದನು, ವೈದ್ಯರನ್ನು ಕೇಳಿದನು, ತನ್ನ ಬಂಧುಗಳಾದ ಹೆಂಗಸರನ್ನೂ ಕೇಳಿದನು. ಕೇಳಿದ ಮೇಲೆ ಅವನ ಮನಸ್ಸು ಬದಲಾಯಿತು. ಆದರೆ ಮಲಿಕುಂಡದವರಂತೆ ಕೆರ್ ಸಿಂಬರದವರೂ ಕೂಡಲೆ ಪ್ರತಿಜ್ಞೆ ಮಾಡಬೇಕೆಂಬುದನ್ನು ಅವನು ಒಪ್ಪಲಿಲ್ಲ. ನಾವು ಒಂದೇ ಊರಿನವರಲ್ಲ, ಹೆಣ್ಣು ಕೊಟ್ಟು ತಂದುಕೊಳ್ಳುವ ಹತ್ತು ಊರುಗಳ ಒಂದು ಕುಟುಂಬ. ಅವರನ್ನು ಕೇಳದೆ ನಾವು ಬಿಟ್ಟರೆ ನಮ್ಮ ಮಕ್ಕಳಿಗೆ ಬಾಳು ಎಲ್ಲಿ ಎಂಬುದು ಅವನ ವಿಚಾರದ ಸಾರ. ಪಾಶ್ಚಾತ್ಯ ವಿದ್ವಾಂಸನು ಚೀನದ ಲೆಕ್ಕಗಳಿಂದ ಕಂಡುಕೊಂಡುದನ್ನು ಈ ಹಳ್ಳಿಯ ಮುದುಕನು ತನ್ನ ಬಂಧುಗಳ ಬೀಗತನದಿಂದಲೇ ಕಂಡುಕೊಂಡಿದ್ದನು.

ಆಮೇಲೆ ಅವನು ಮಾಡಿದ ಕೆಲಸವು ಸರಳವಾದುದು. ಕೆಲವರು ಬಂಧುಗಳನ್ನು ಜೊತೆಗೆ ಕರೆದುಕೊಂಡು ಆ ಹತ್ತು ಊರುಗಳಿಗೂ ನಡೆದುಕೊಂಡು ಹೋದನು. ಹೋದೊಡನೆ ಉಪದೇಶಕ್ಕೆ ತೊಡಗಲಿಲ್ಲ. ಬಂಧುವಾಗಿ ಬಂದವನು ಕುಶಲಪ್ರಶ್ನೆಯಿಂದಲೇ ಆರಂಭಿಸಿದನು. ವಿಷಯವನ್ನು ಬಿಚ್ಚಿ ಹೇಳದೆ ‘ಆ ಸಂಪ್ರದಾಯ’ ಎಂದು ಸೂಚಿಸಿದನು. ಕೇಳುವವರ ಮುಖ ಬಾಗುವಂತಹ ಚಿತ್ರಗಳನ್ನು ತೋರಿಸಲಿಲ್ಲ. ಆಚಾರವನ್ನು ನಡೆಸಿದ ಹಿರಿಯರನ್ನಾಗಲಿ, ಛೇದನದ ಕಸುಬಿನ ಹೆಂಗಸರನ್ನಾಗಲಿ ನಿಂದಿಸಲಿಲ್ಲ. ಅಜ್ಜಿಯನ್ನು ಪಾಪಿಯೆಂದು ಕರೆದರೆ ಮೊಮ್ಮಗಳ ಕಡೆಯವರು ಕಿವಿ ಮುಚ್ಚಿಕೊಳ್ಳುವರೆಂಬುದು ಅವನಿಗೆ ತಿಳಿದಿದ್ದಿತು. ಸುಧಾರಕರೆನಿಸಿಕೊಂಡವರಿಗೆ ಎಷ್ಟೋ ಸಲ ತಿಳಿಯದೆ ಹೋಗುವುದು ಇದೇ.

೧೯೯೮ರ ಫೆಬ್ರವರಿ ೧೪ ಮತ್ತು ೧೫ರಂದು ದಿಯಾಬುಗು ಎಂಬ ಹಳ್ಳಿಯಲ್ಲಿ ೧೩ ಊರುಗಳ ಪ್ರತಿನಿಧಿಗಳು ಸೇರಿ, ಸುಮಾರು ೮,೦೦೦ ಜನರ ಪರವಾಗಿ ಛೇದನವನ್ನು ಬಿಟ್ಟೆವೆಂದು ಘೋಷಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ದಕ್ಷಿಣದ ಕೋಲ್ಡ ಸೀಮೆಯ ಮೆದೀನ ಶೆರೀಫ್ ಎಂಬಲ್ಲಿ ೧೮ ಊರುಗಳವರು ಅದೇ ಮಾತನ್ನು ಕೊಟ್ಟರು. ಮಲಿಕುಂಡವು ಒಂದು ಊರಿನ ಧೈರ್ಯ. ದಿಯಾಬುಗು ಒಂದು ಬಂಧುವರ್ಗದ ಒಡಂಬಡಿಕೆ. ಮೊದಲನೆಯದಿಲ್ಲದೆ ಎರಡನೆಯದು ಹುಟ್ಟುತ್ತಿರಲಿಲ್ಲ. ಎರಡನೆಯದಿಲ್ಲದೆ ಮೊದಲನೆಯದು ಬಾಳುತ್ತಿರಲಿಲ್ಲ.

ಕೆನ್ಯದಲ್ಲಿಯೂ ಇದೇ ಕಾಲಕ್ಕೆ ಒಂದು ಬೇರೆ ದಾರಿಯು ತೆರೆಯಿತು. ೧೯೫೬ರಲ್ಲಿ ಹುಡುಗಿಯರು ತಮ್ಮನ್ನು ತಾವೇ ಕೊಯ್ದುಕೊಂಡ ಮೇರು ಸೀಮೆಗೆ ನೆರೆಯದಾದ ಥರಾಕದಲ್ಲಿ, ೧೯೯೬ರಲ್ಲಿ, ‘ಮೆಂಡೆಲೆಯೊ ಯಾ ವನವಾಕೆ’ ಎಂಬ ಮಹಿಳಾ ಸಂಘದ ನೆರವಿನಿಂದ ಸುಮಾರು ಮೂವತ್ತು ಹುಡುಗಿಯರಿಗೆ ಹೊಸ ರೀತಿಯ ಸಂಸ್ಕಾರ ನಡೆಯಿತು. ‘ಮಾತಿನಿಂದ ಛೇದನ’ ಎಂಬ ಅರ್ಥದ ಹೆಸರು ಅದಕ್ಕೆ. ಹಳೆಯ ಪದ್ಧತಿಯಲ್ಲಿದ್ದ ಏಕಾಂತವಾಸ, ಹಿರಿಯ ಹೆಂಗಸರ ಬೋಧನೆ, ಕೊನೆಯ ದಿನದ ಹಬ್ಬ, ಉಡುಗೊರೆ ಎಲ್ಲವನ್ನೂ ಉಳಿಸಿಕೊಂಡು ಅಲಗನ್ನು ಮಾತ್ರ ಬಿಟ್ಟರು. ಮೇರುವಿನ ಹುಡುಗಿಯರು ಅಂದು ಬಿಡಲಾರೆವೆಂದು ಹಠಹಿಡಿದುದು ನೋವಿಗಾಗಿ ಅಲ್ಲ. ತಾವು ದೊಡ್ಡವರಾದೆವೆಂಬುದನ್ನು ಊರು ಒಪ್ಪಬೇಕೆಂಬುದಕ್ಕಾಗಿ. ಆ ಒಪ್ಪಿಗೆಯನ್ನು ಬೇರೆ ರೀತಿಯಿಂದ ಕೊಡಬಹುದೆಂಬುದನ್ನು ನಾಲ್ವತ್ತು ವರ್ಷಗಳ ಮೇಲೆ ನೆರೆಯವರು ತೋರಿಸಿದರು.

೭

ಪ್ರತಿಜ್ಞೆಗಳ ಹಿಂದೆಯೇ ಶಾಸನವೂ ಬಂದಿತು. ಸೆನೆಗಾಲಿನ ಶಾಸನಸಭೆಯು ೧೯೯೯ರ ಜನವರಿಯಲ್ಲಿ ಛೇದನವನ್ನು ನಿಷೇಧಿಸಿ, ಆರು ತಿಂಗಳಿಂದ ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. ೨೦೦೩ರಲ್ಲಿ ಆಫ್ರಿಕದ ರಾಷ್ಟ್ರಗಳು ಮಾಪುಟೊ ನಗರದಲ್ಲಿ ಅಂಗೀಕರಿಸಿದ ಸ್ತ್ರೀಹಕ್ಕುಗಳ ಒಡಂಬಡಿಕೆಯಲ್ಲಿ ಇದರ ನಿಷೇಧವೂ ಸೇರಿತು. ೨೦೧೨ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಅದೇ ಅರ್ಥದ ನಿರ್ಣಯವನ್ನು ಕೈಕೊಂಡಿತು. ಸೂಡಾನು ೨೦೨೦ರಲ್ಲಿ ಸ್ವತಂತ್ರ ದೇಶವಾಗಿ ತಾನೇ ನಿಷೇಧಿಸಿತು. ಪ್ರತಿಜ್ಞೆ ಮಾಡಿದ ಊರುಗಳ ಸಂಖ್ಯೆಯು ಹಲವು ದೇಶಗಳಲ್ಲಿ ಕೂಡಿ ಎಂಟು ಸಾವಿರವನ್ನು ಮೀರಿದೆಯೆಂದು ತೋಸ್ತಾನಿನವರು ಹೇಳಿದ್ದಾರೆ.

ಇಷ್ಟರಿಂದ ಕಾರ್ಯವು ಮುಗಿಯಿತೆಂದು ಬರೆದರೆ ಅದು ಚರಿತ್ರೆಯಾಗದು, ಸ್ತೋತ್ರವಾದೀತು. ಸೆನೆಗಾಲ್ ದೇಶದ ಗಣನೆಗಳಂತೆ, ೨೦೦೫ರಲ್ಲಿ ಹದಿನೈದರಿಂದ ನಾಲ್ವತ್ತೊಂಬತ್ತು ವರ್ಷದೊಳಗಿನ ಹೆಂಗಸರಲ್ಲಿ ನೂರಕ್ಕೆ ೨೮ ಮಂದಿ ಛೇದನಕ್ಕೊಳಗಾದವರು. ೨೦೧೯ರಲ್ಲಿ ನೂರಕ್ಕೆ ೨೫. ಬಾಲ್ಯದಲ್ಲಿ ಆದುದು ಅಳಿಯುವುದಿಲ್ಲವಾದ್ದರಿಂದ ಇಂತಹ ಲೆಕ್ಕವು ನಿಧಾನವಾಗಿಯೇ ಇಳಿಯಬೇಕು. ಹಾಗೆಂದುಕೊಂಡರೂ ಈ ಇಳಿತವು ಸಣ್ಣದು. ಪ್ರತಿಜ್ಞೆ ಮಾಡಿದ ಊರಿನಲ್ಲಿ ಪ್ರತಿಯೊಂದು ಮನೆಯೂ ಮಾತನ್ನು ನಡೆಸಿತೆನ್ನಲಾಗದು. ಬೆಟಿನ ಶೆಲ್ ಡಂಕನ್ ಮತ್ತು ಸಂಗಡಿಗರು ಸೆನೆಗಾಲ್, ಗ್ಯಾಂಬಿಯ ದೇಶಗಳಲ್ಲಿ ನಡೆಸಿ ೨೦೧೧ರಲ್ಲಿ ಪ್ರಕಟಿಸಿದ ಸಂಶೋಧನೆಯು ಇನ್ನೊಂದು ತಿದ್ದುಪಡಿಯನ್ನೂ ಕೊಟ್ಟಿತು. ಅಲ್ಲಿ ಆಚಾರವನ್ನು ಹಿಡಿದಿಟ್ಟಿರುವುದು ಗಂಡನು ಸಿಕ್ಕುವನೋ ಇಲ್ಲವೋ ಎಂಬ ಭಯಕ್ಕಿಂತ ಹೆಚ್ಚಾಗಿ, ಹೆಂಗಸರ ಕೂಟದಲ್ಲಿ ಸೊಸೆಗೆ ಸ್ಥಾನ ಸಿಕ್ಕುವುದೋ ಇಲ್ಲವೋ ಎಂಬ ಭಯವೆಂದು ಅವರು ಕಂಡರು. ಹಾಗಾದರೆ ಬೀಗರ ಒಪ್ಪಿಗೆಯೊಂದೇ ಸಾಲದು. ಅತ್ತೆ, ಅಜ್ಜಿ, ಓರಗಿತ್ತಿಯರ ಒಪ್ಪಿಗೆಯೂ ಬೇಕು. ಮಲಿಕುಂಡದಲ್ಲಿ ಮಾತು ಹೆಂಗಸರಿಂದಲೇ ಹೊರಟುದು ಎಷ್ಟು ಸಾರ್ಥಕವಾದುದೆಂಬುದು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಶಾಸನವು ವ್ಯರ್ಥವೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಸೆನೆಗಾಲಿನ ನೆರೆಯ ಗ್ಯಾಂಬಿಯವು ೨೦೧೫ರಲ್ಲಿ ನಿಷೇಧವನ್ನು ತಂದಿತು. ೨೦೨೪ರಲ್ಲಿ ಅದನ್ನು ರದ್ದುಮಾಡುವ ಮಸೂದೆಯೊಂದು ಅಲ್ಲಿಯ ಶಾಸನಸಭೆಯ ಮುಂದೆ ಬಂದಿತು. ಜುಲೈ ತಿಂಗಳಲ್ಲಿ ಸಭೆಯು ಆ ಮಸೂದೆಯನ್ನು ತಳ್ಳಿಹಾಕಿತು. ಛೇದನಕ್ಕೊಳಗಾದ ಹೆಂಗಸರೇ ಮುಂದೆ ಬಂದು ಮಾತನಾಡಿದುದು ಆ ಹೋರಾಟದ ಬಲವಾಗಿದ್ದಿತು. ಬಿಡಬೇಕೆಂದು ಬಯಸುವ ತಾಯಿಗೆ ಶಾಸನವು ಊರುಗೋಲಾಗುತ್ತದೆ. ‘ಸರ್ಕಾರ ಬಿಡುವುದಿಲ್ಲ’ ಎಂದು ಅವಳು ಅತ್ತೆಗೆ ಹೇಳಬಹುದು. ಆದರೆ ಊರುಗೋಲು ನಡೆಯುವವರಿಗೆ ನೆರವು. ನಡೆಯಲೊಲ್ಲದವರನ್ನು ಅದು ನಡೆಸಲಾರದು.

೮

ಇದು ದೂರದ ಆಫ್ರಿಕದ ಕಥೆಯಷ್ಟೇ ಎಂದು ನಾವು ನಿಶ್ಚಿಂತರಾಗಿರುವಂತಿಲ್ಲ. ನಮ್ಮ ದೇಶದಲ್ಲಿಯೂ ದಾವೂದಿ ಬೋಹ್ರಾ ಸಮುದಾಯದಲ್ಲಿ, ಸಾಮಾನ್ಯವಾಗಿ ಏ­ಳು ವರ್ಷದ ಪ್ರಾಯದಲ್ಲಿ ಹುಡುಗಿಯರಿಗೆ ಇದರ ಒಂದು ರೂಪವನ್ನು ಮಾಡಿಸುವ ರೂಢಿಯಿರುವುದು ಆ ಸಮುದಾಯದ ಹೆಂಗಸರ ಮಾತಿನಿಂದಲೇ ಹೊರಬಿದ್ದಿತು. ೨೦೧೫ರ ಸುಮಾರಿನಲ್ಲಿ ಅವರಲ್ಲಿ ಕೆಲವರು ತಮ್ಮ ಹೆಸರುಗಳನ್ನು ಮರೆಮಾಡದೆ ಬರೆಯತೊಡಗಿದರು; ‘ಸಹಿಯೊ’ ಮೊದಲಾದ ಕೂಟಗಳನ್ನು ಕಟ್ಟಿಕೊಂಡು ಮಾತುಕತೆಯನ್ನು ಆರಂಭಿಸಿದರು. ೨೦೧೭ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಂದು ಅರ್ಜಿ ಬಂದಿತು; ೨೦೧೮ರಲ್ಲಿ ನ್ಯಾಯಾಲಯವು ಅದನ್ನು ಐವರು ನ್ಯಾಯಾಧೀಶರ ಪೀಠಕ್ಕೆ ಒಪ್ಪಿಸಿತು. ಇದು ಧಾರ್ಮಿಕ ಶುದ್ಧಿಯ ಆಚಾರವೆಂದೂ ಇದರಿಂದ ಕೇಡಿಲ್ಲವೆಂದೂ ಅದೇ ಸಮುದಾಯದ ಇತರ ಹೆಂಗಸರು ವಾದಿಸಿದರು. ನ್ಯಾಯದ ತೀರ್ಮಾನವನ್ನು ಹೇಳುವುದು ನ್ಯಾಯಾಧೀಶರ ಕೆಲಸ. ಆದರೆ ತೀರ್ಪು ಹೇಗೆಯೇ ಬರಲಿ, ಮನೆಯೊಳಗೆ ಬಾಗಿಲು ಮುಚ್ಚಿ ನಡೆಯುವ ಕಾರ್ಯವನ್ನು ತಡೆಯುವ ಶಕ್ತಿಯು ಆ ಮನೆಯ ತಾಯಿ, ಅಜ್ಜಿ, ಸೋದರತ್ತೆಯರಲ್ಲಿಯೇ ಇರುವುದೆಂಬುದನ್ನು ಮೇಲಿನ ಇತಿಹಾಸವು ತಿಳಿಸುತ್ತದೆ. ಹೊರಗಿನವರು ಒಂದು ಸಮುದಾಯವನ್ನು ಹೀಯಾಳಿಸುವುದಕ್ಕೆ ಈ ವಿಷಯವನ್ನು ಆಯುಧವಾಗಿ ಹಿಡಿದರೆ, ಒಳಗೆ ಮಾತನಾಡಲು ಎದ್ದ ಹೆಂಗಸಿನ ಬಾಯನ್ನು ಅವರೇ ಮುಚ್ಚಿಸಿದಂತಾಗುತ್ತದೆ. ೧೯೨೯ರ ಕೆನ್ಯವು ಕಲಿಸಿದ ಪಾಠ ಅದು.

ಪಾದಬಂಧನವಾಗಲಿ, ಛೇದನವಾಗಲಿ, ಮಕ್ಕಳ ಮೈಯನ್ನು ಮುರಿದು ಕುಲದ ಮಾನವನ್ನು ಕಟ್ಟುವ ಆಚಾರಗಳು ಪ್ರೀತಿಯ ಹೆಸರಿನಲ್ಲಿಯೇ ನಡೆಯುತ್ತ ಬಂದಿವೆ. ಆ ಪ್ರೀತಿಗೆ ಬೇರೆ ದಾರಿಯನ್ನು ತೋರಿಸಿದ ಹೊರತು ಅವು ನಿಲ್ಲವು. ಡೆಂಬ ದಿಯಾವಾರನು ಹತ್ತು ಊರುಗಳ ಹಾದಿಯನ್ನು ಕಾಲ್ನಡಿಗೆಯಿಂದಲೇ ಸವೆಸಿದನು. ಪ್ರತಿಯೊಂದು ಊರಿನಲ್ಲಿಯೂ ಬಂಧುವಿನಂತೆ ಜಗಲಿಯ ಮೇಲೆ ಕುಳಿತು ಮಾತನಾಡಿದನು. ಆ ಮಾತಿಗೆ ಮೊದಲು ಎಡೆಮಾಡಿಕೊಟ್ಟವರು ಮಲಿಕುಂಡದ ಹೆಂಗಸರು. ಆ ವರ್ಷ ಅಲ್ಲಿ ಅಲಗಿನಿಂದ ಉಳಿದ ಹುಡುಗಿಯರು ಈಗ ತಾವೇ ತಾಯಂದಿರಾಗುವ ವಯಸ್ಸಿನವರು.